ಅಕ್ಕಿ ಮುಟ್ಟದ ಮೀನು

ನಮ್ಮ ಭಾವನವರಿಗೆ ಮೀನು ತಿನ್ನಲು ಬರುವುದಿಲ್ಲ. ಅಂದರೆ ತಿನ್ನುತ್ತಾರೆ, ಗಡದ್ದಾಗಿಯೇ ತಿನ್ನುತ್ತಾರೆ. ಮುಳ್ಳು ಬಿಡಿಸಲು ಬರುವುದಿಲ್ಲ. ಮದುವೆಯಾದ ಲಾಗಾಯ್ತು ಅಕ್ಕನೇ ಪಕ್ಕದಲ್ಲಿ ಕೂತು ಮುಳ್ಳು ತೆಗೆದು ತಟ್ಟೆಯ ಅಂಚಿಗಿಡಬೇಕು, ಇವರು ಮೊಬೈಲು ನೋಡುತ್ತ ನುಂಗಬೇಕು. ಇಂಥವರು ಐವತ್ತು ದಾಟಿದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಮೀನಿನ ವಿಷಯದಲ್ಲಿ ದೊಡ್ಡ ಪಂಡಿತರಾಗಿಬಿಟ್ಟರು. ಹೊಸನಗರದಿಂದ ಮಾಸ್ತಿಕಟ್ಟೆಯವರೆಗೆ ಕೈಗೆ ಸಿಕ್ಕವರೆಲ್ಲ ಆ ಪಾಂಡಿತ್ಯ ಕೇಳಬೇಕಾಯಿತು. ನಾನಂತೂ ಅವರ ಹೆಂಡತಿಯ ತಮ್ಮ, ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ನನ್ನದು ತೀರ್ಥಹಳ್ಳಿಯಲ್ಲಿ ಪಂಪು, ಮೋಟಾರು ರಿಪೇರಿ ಮಾಡುವ ಅಂಗಡಿ. ಭಾವನವರ ಮನೆ ಮಾಸ್ತಿಕಟ್ಟೆಯ ಹತ್ತಿರ, ಮಾಣಿ ಡ್ಯಾಮಿನ ಹಿನ್ನೀರಿನ ಮಗ್ಗುಲಲ್ಲಿ. ಅಲ್ಲಿ ಹೋಂ ಸ್ಟೇ ತೆರೆದಿದ್ದರು. ಆಗುಂಬೆ ನೋಡಿಕೊಂಡು ಬರುವವರು ಅಕ್ಕ ಮಾಡಿದ ಕೋಳಿ ಸಾರು, ಕಡುಬು ತಿಂದು, ಬೆಳಿಗ್ಗೆ ಎದ್ದು, ಇಲ್ಲಿ ಮಾಡೋದಕ್ಕೆ ಏನಿದೆ ಎಂದು ಕೇಳುತ್ತಿದ್ದರಂತೆ. ಸುಮ್ಮನೆ ಕೂರುವುದಕ್ಕೆ ಅಷ್ಟು ದೂರದಿಂದ ಬಂದವರಿಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಅದಕ್ಕೆ ಭಾವನವರು ಮನೆಯ ಕೆಳಗಿನ ಗದ್ದೆಯನ್ನು ಅಗೆಸಿ ದೊಡ್ಡದೊಂದು ಹೊಂಡ ಮಾಡಿಸಿದರು. ನೀರಿಗೆ ಗಾಳಿ ಕೊಡುವ ಪಂಪು ಕೂರಿಸಲು ನನ್ನನ್ನು ಕರೆಸಿದರು.

ನಾನು ಪಂಪು ಕೂರಿಸುತ್ತಿದ್ದಾಗಲೇ ಮೀನು ಬಂತು. ಪಟ್ಟಣದಲ್ಲಿ ಗಾಜಿನ ತೊಟ್ಟಿಯ ಮೀನು ಮಾರುವವನೊಬ್ಬ ಪ್ಲಾಸ್ಟಿಕ್ ಚೀಲಗಳಿಗೆ ಆಕ್ಸಿಜನ್ ತುಂಬಿ ಕಳಿಸಿದ್ದ. ಬೆರಳುದ್ದದ ಮರಿಗಳು, ಹಳದಿ ಮೈ, ಬಾಲದ ಬುಡದಲ್ಲಿ ಕಣ್ಣಿನ ಹಾಗೊಂದು ಕಪ್ಪು ಬೊಟ್ಟು.

"ಎಂತ ಮೀನು ಭಾವ ಇದು?" ಎಂದೆ.

"ಪೀಕಾಕ್ ಬಾಸ್. ಸೌತ್ ಅಮೆರಿಕಾದ್ದು."

"ತಿನ್ನಾಕಾ?"

"ಬರೀ ತಿನ್ನೋದೇ ಯೋಚನೆ ನಿಂಗೆ. ಇದು ಗೇಮ್ ಫಿಶ್ ಮಾರಾಯ. ಹಿಡಿಯೋದು, ಫೋಟೋ ತೆಗ್ಯೋದು, ವಾಪಸ್ ಬಿಡೋದು."

"ಬಿಡೋದಾದ್ರೆ ಹಿಡಿಯೋದು ಎಂತಕ್ಕೆ?"

ಭಾವನವರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಪ್ಯಾನರು ಹಿಡಿದವನಿಗೆ ಇದೆಲ್ಲ ಎಲ್ಲಿ ಅರ್ಥವಾದೀತು ಎಂಬ ಕನಿಕರ ಅದರಲ್ಲಿತ್ತು. ಅರ್ಥವಾಗಲಿಲ್ಲ, ಇವತ್ತಿಗೂ ಆಗಿಲ್ಲ. ಹಸಿವಿಗೆ ಹಿಡಿಯುವವನು ಕಳ್ಳನಂತೆ, ಮೋಜಿಗೆ ಬಾಯಿ ಹರಿದು ಬಿಡುವವನು ಪ್ರಕೃತಿಪ್ರೇಮಿಯಂತೆ. ಕೆಲಸ ಮುಗಿಸಿ ಕೈ ತೊಳೆದುಕೊಂಡು ಮನೆಗೆ ಬಂದೆ.

ಈಗ ಅಕ್ಕನ ವಿಷಯ ಹೇಳಬೇಕು, ಇಲ್ಲದಿದ್ದರೆ ನನಗೆ ಇಷ್ಟು ಸಿಟ್ಟು ಯಾಕೆಂದು ತಿಳಿಯುವುದಿಲ್ಲ. ನಾವು ಹುಟ್ಟಿದ ಊರು ಹೊಸನಗರದ ಈಚೆಗೆ, ಶರಾವತಿ ಸೇರುವ ಒಂದು ಹಳ್ಳದ ದಂಡೆಯಲ್ಲಿದೆ. ಹಳ್ಳ ತಿರುಗುವಲ್ಲಿ ಈಶ್ವರನ ಗುಡಿ, ಗುಡಿಯಿಂದ ನೀರಿಗಿಳಿಯಲು ಕಲ್ಲಿನ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಗುಂಡಿ. ಅದನ್ನು ದೇವರಗುಂಡಿ ಎನ್ನುತ್ತೇವೆ. ಗುಂಡಿಯ ಕೆಳಗಡೆ ಹಳ್ಳ ದಾಟುವ ಕಾಲುಸಂಕವಿದೆ. ಸಂಕದಿಂದ ಕೆಳಗೆ ಯಾರು ಏನು ಬೇಕಾದರೂ ಹಿಡಿಯಬಹುದು. ಸಂಕದಿಂದ ಮೇಲೆ ಗಾಳದ ದಾರವನ್ನೂ ಬಿಚ್ಚುವಂತಿಲ್ಲ. ನಮ್ಮಂಥ, ಮೀನಿಲ್ಲದೆ ಊಟ ಸೇರದ ಮನೆಯವರೂ ಆ ಗೆರೆ ದಾಟಿದ್ದಿಲ್ಲ.

ಗುಂಡಿಯ ಮೀನಿಗೆ ಅಕ್ಕಿ ಕೊಡುತ್ತೇನೆಂದು ಹೇಳಿಕೊಂಡರೆ ನರಹುಲಿ ಬಿದ್ದುಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅಕ್ಕಿ ಎರಚಿ ಬಂದರೆ ಸಾಲದು. ಕೊನೆಯ ಮೆಟ್ಟಿಲಲ್ಲಿ ಕೂತು, ಅಂಗೈಯಲ್ಲಿ ಅಕ್ಕಿ ಹಿಡಿದು ನೀರಿನೊಳಗೆ ಕೈ ಚಾಚಬೇಕು, ಮೀನು ಬಂದು ಅಂಗೈಗೆ ಬಾಯಿ ಹಾಕಬೇಕು. ಆಗ ಹರಕೆ ಸಂದಿತು. ಇದರ ಇನ್ನೊಂದು ಮಗ್ಗುಲೂ ಇದೆ: ಆ ಗುಂಡಿಯ ಮೀನು ಕೊಂದ ಕೈಗೆ ನರಹುಲಿ ಏಳುತ್ತದೆ, ಆ ಕೈ ಮತ್ತೆ ಮೀನಿಗೆ ಅಕ್ಕಿ ಹಿಡಿಯುವ ಹಾಗಿಲ್ಲ.

ಚಿಕ್ಕವಳಿದ್ದಾಗ ಅಕ್ಕನ ಎರಡೂ ಕೈ ತುಂಬ ನರಹುಲಿ ಇತ್ತು. ಶಾಲೆಯಲ್ಲಿ ಅವಳ ಕೈ ಹಿಡಿದು ಆಡಲು ಯಾರೂ ಬರುತ್ತಿರಲಿಲ್ಲ. ಅಮ್ಮ ಹರಕೆ ಹೇಳಿಕೊಂಡಳು, ಅಕ್ಕ ಅಕ್ಕಿ ಕೊಟ್ಟಳು, ನರಹುಲಿ ಉದುರಿತು. ತಾನಾಗಿಯೇ ಹೋಗುತ್ತಿತ್ತು ಎಂದು ವಾದಿಸುವವರು ವಾದಿಸಲಿ, ಆ ಕೈ ಹಿಡಿಯದವರ ಸಾಲಿನಲ್ಲಿ ಅವರೂ ಇರುತ್ತಿದ್ದರು. ಅಂದಿನಿಂದ ಪ್ರತಿ ವರ್ಷ ಗದ್ದೆ ಕೊಯ್ಲಾಗಿ ಹೊಸ ಅಕ್ಕಿ ಬಂದ ಮೇಲೆ ಅಕ್ಕ ಗುಂಡಿಗೆ ಹೋಗುತ್ತಾಳೆ. ಮದುವೆಯಾಗಿ ಮಾಸ್ತಿಕಟ್ಟೆಗೆ ಹೋದ ಮೇಲೂ ಬಸ್ಸು ಹಿಡಿದು ಬರುತ್ತಿದ್ದಳು. ದೊಡ್ಡ ಮೀನುಗಳು, ಕಪ್ಪು ಬೆನ್ನಿನ ಮೊಳಗಟ್ಟಲೆಯವು, ದೂರದಲ್ಲಿ ಗಂಭೀರವಾಗಿ ತಿರುಗುತ್ತಿದ್ದವು. ಬೆರಳುದ್ದದ ಮರಿಗಳು ಮಾತ್ರ ಗುಂಪಾಗಿ ನುಗ್ಗಿ ಅವಳ ಅಂಗೈಗೆ ಕಚಗುಳಿಯಿಟ್ಟು ಅಕ್ಕಿ ಮುಗಿಸುತ್ತಿದ್ದವು. ಅಕ್ಕ ನಗುತ್ತಿದ್ದಳು. ವರ್ಷದಲ್ಲಿ ಆ ಒಂದು ಬೆಳಿಗ್ಗೆ ಅವಳು ಯಾರಿಗೂ ಮುಳ್ಳು ಬಿಡಿಸಬೇಕಾಗಿರಲಿಲ್ಲ.

ಭಾವನವರ ಹೊಂಡದ ಸಂಗತಿ ಹೀಗಾಯಿತು. ಗೇಮ್ ಫಿಶ್ ಹೊಂಡದಲ್ಲಿದ್ದ ಕುಚ್ಚು ಮೀನು, ಕಪ್ಪೆಮರಿ, ಸೀಗಡಿ ಎಲ್ಲವನ್ನೂ ತಿಂದಿತು. ಅದಕ್ಕೆಂದೇ ತಂದು ಬಿಟ್ಟ ಗೆಂಡೆ ಮರಿಗಳನ್ನು ತಿಂದಿತು. ಆಮೇಲೆ ತನ್ನದೇ ಪೈಕಿಯ ಸಣ್ಣವನ್ನೂ ತಿಂದಿತು. ಆದರೂ ಹೆಚ್ಚುತ್ತಲೇ ಹೋಯಿತು, ಯಾಕೆಂದರೆ ಗಂಡುಹೆಣ್ಣು ಎರಡೂ ಮೊಟ್ಟೆಯ ಸುತ್ತ ಕಾವಲು ನಿಲ್ಲುವ ಜಾತಿಯಂತೆ ಅದು. ಅತಿಥಿಗಳು ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು ಕಟ್ಟಿದ ಗಾಳ ಎಸೆದು, ಹಿಡಿದು, ಮುತ್ತು ಕೊಟ್ಟು, ವಾಪಸ್ ಬಿಡುತ್ತಿದ್ದರು. ಕೊಲ್ಲುವವರಿಲ್ಲ, ತಿನ್ನುವವರಿಲ್ಲ. ಮಳೆಗಾಲದಲ್ಲಿ ಏರಿ ಒಡೆದು ಅರ್ಧ ಮೀನು ಮಾಣಿ ಹಿನ್ನೀರಿಗೆ ಹೋಯಿತು. ಭಾವನವರು ತಲೆಯ ಮೇಲೆ ಕೈ ಹೊತ್ತು ಕೂತರೇನೋ ಎಂದುಕೊಂಡರೆ ಇಲ್ಲ, "ಇನ್ಮೇಲೆ ಹಿನ್ನೀರಲ್ಲೂ ಬೋಟ್ ಹಾಕ್ಬಹುದು" ಎಂದು ಖುಷಿಯಲ್ಲಿದ್ದರು.

ಇಷ್ಟಕ್ಕೇ ನಿಂತಿದ್ದರೆ ನಾನು ಬೈದುಕೊಂಡು ಸುಮ್ಮನಿರುತ್ತಿದ್ದೆನೇನೋ. ಉಳಿದರ್ಧವನ್ನು ಅವರು ಡ್ರಮ್ಮಿಗೆ ತುಂಬಿ ಕಾರಿನಲ್ಲಿ ನಮ್ಮ ಊರಿಗೆ ತಂದರು, ದೇವರಗುಂಡಿಗೆ ಬಿಟ್ಟರು. ಹೋಂ ಸ್ಟೇ ಚೆನ್ನಾಗಿ ನಡೆದರೆ ದೇವರಿಗೆ ಏನಾದರೂ ಕೊಡುತ್ತೇನೆಂದು ಹೇಳಿಕೊಂಡಿದ್ದರಂತೆ. ಎಲ್ಲರೂ ಮೀನಿಗೆ ಅಕ್ಕಿ ಕೊಟ್ಟರೆ ಇವರು ಮೀನಿಗೆ ಮೀನು ಕೊಟ್ಟರು. ನನ್ನ ಹತ್ತಿರ ನಿಜವಾದ ಕಾರಣವನ್ನೂ ಹೇಳಿದರು, ಅದನ್ನು ಹೇಳುವಾಗ ಮುಖದಲ್ಲಿ ಎಂಥ ಜಾಣತನದ ಕಳೆ!

"ಬೇರೆ ಕಡೆ ಬಿಟ್ರೆ ನಿಮ್ಮಂಥೋರು ಹಿಡ್ದು ಹುರ್ದು ತಿಂತೀರಿ. ಗುಂಡೀಲಿ ಯಾರೂ ಮುಟ್ಟಲ್ಲ. ಅಲ್ಲಿ ಬೆಳೀತವೆ, ಸಂಕದಿಂದ ಕೆಳಗೆ ಇಳೀತವೆ, ಅಲ್ಲಿ ಗೆಸ್ಟ್ ಕರ್ಕಂಡು ಬರ್ತೀನಿ."

ಮಾಣಿಯ ನೀರು ಒಂದು ದಿಕ್ಕಿನ ಹೊಳೆಯದು, ನಮ್ಮ ಹಳ್ಳದ ನೀರು ಇನ್ನೊಂದರದು. ಬೆಟ್ಟಗಳು ಅಷ್ಟು ಕಾಲದಿಂದ ಬೇರೆ ಬೇರೆ ಇಟ್ಟಿದ್ದನ್ನು ನಮ್ಮ ಭಾವನವರು ಒಂದು ಮಧ್ಯಾಹ್ನ, ಹಾಡು ಹಾಕಿಕೊಂಡು, ಕಾರಿನಲ್ಲಿ ಒಂದು ಮಾಡಿದರು.

ಊರವರು ಇವರನ್ನು ಮೀರಿಸಿದರು. ಮೀನು ಬಲಿತ ಮೇಲೆ ಅದರ ಮೈಮೇಲೆ ಮೂರು ಕಪ್ಪು ಪಟ್ಟೆ ಎದ್ದು ಕಂಡವು. ಮೂರು ಪಟ್ಟೆ ಕಂಡದ್ದೇ ತಡ, ಯಾರೋ ಅದನ್ನು ವಿಭೂತಿ ಎಂದರು. ಬಾಲದ ಬೊಟ್ಟು ಮೂರನೆಯ ಕಣ್ಣಾಯಿತು. ವಿಭೂತಿ ಬಿಳಿಯದು, ಅಡ್ಡ ಎಳೆಯುವುದು. ಈ ಪಟ್ಟೆ ಕಪ್ಪು, ಮೇಲಿಂದ ಕೆಳಕ್ಕೆ ಇದ್ದವು. ವಿಭೂತಿಯಾಗಬೇಕಾದರೆ ಮೀನು ಆಕಾಶ ನೋಡುತ್ತ ಬಾಲದ ಮೇಲೆ ನಿಲ್ಲಬೇಕಿತ್ತು. ಮೂರನೆಯ ಕಣ್ಣು ಬಾಲದಲ್ಲಿ ಯಾಕಿದೆ ಎಂದೂ ಯಾರೂ ಕೇಳಲಿಲ್ಲ. ಸಾಗರದಿಂದ, ಶಿವಮೊಗ್ಗದಿಂದ ಜನ ಬಂದು ವೀಡಿಯೋ ಮಾಡಿದರು. ಗುಡಿಯ ಕಮಿಟಿಯವರು ರಸ್ತೆಯ ಬದಿಗೆ 'ವಿಭೂತಿ ಮೀನಿನ ಪುಣ್ಯಕ್ಷೇತ್ರ' ಎಂದು ಫ್ಲೆಕ್ಸ್ ಕಟ್ಟಿದರು. ಅದರ ಮೂಲೆಯಲ್ಲಿ ಕೈ ಮುಗಿದುಕೊಂಡು ನಗುತ್ತಿದ್ದವರು ನಮ್ಮ ಭಾವ.

ಆ ವರ್ಷ ಅಕ್ಕ ಹೊಸ ಅಕ್ಕಿ ತಂದಾಗ ನಾನೂ ಜೊತೆಗಿದ್ದೆ. ಕೊನೆಯ ಮೆಟ್ಟಿಲಲ್ಲಿ ಕೂತು ಕೈ ಚಾಚಿದಳು. ಮರಿಗಳು ಬರಲಿಲ್ಲ. ದೊಡ್ಡ ಮೀನುಗಳು ಎಂದಿನಂತೆ ದೂರದಲ್ಲಿದ್ದವು. ಅವನ್ನು ನುಂಗುವಷ್ಟು ದೊಡ್ಡ ಬಾಯಿ ಹೊಸ ಮೀನು ಯಾವುದಕ್ಕೂ ಇರಲಿಲ್ಲ. ಒಂದು ವಿಭೂತಿ ಮೀನು ಹತ್ತಿರ ಬಂತು, ಅಂಗೈಯನ್ನು ನೋಡಿತು, ತಿರುಗಿ ಹೋಯಿತು. ಜೀವ ಇರುವುದನ್ನು ಬಿಟ್ಟು ಬೇರೇನೂ ಅದಕ್ಕೆ ಬೇಡ, ಅಕ್ಕಿ ಮುಟ್ಟುವ ಜಾತಿಯಲ್ಲ ಅದು. ಅಕ್ಕ ಕಾಲು ಜೋಮು ಹಿಡಿಯುವವರೆಗೂ ಕೂತಿದ್ದಳು. ಅಕ್ಕಿ ಬೆರಳ ಸಂದಿಯಿಂದ ಜಾರಿ ತಳಕ್ಕೆ ಹೋಗಿ ಬೆಳ್ಳಗೆ ಬಿದ್ದುಕೊಂಡಿತು.

"ಮರಿ ಎಲ್ಲಿ ಹೋದ್ವೋ?" ಎಂದಳು.

ನಾನು ಹೇಳಿದೆ. ಅವಳಿಗೆ ಗೊತ್ತಿರಲಿಲ್ಲವೆಂದಲ್ಲ, ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು.

ಅಕ್ಕ ಗುಡಿಯ ಭಟ್ಟರ ಹತ್ತಿರ ಹೋದಳು. ಆ ಮೀನನ್ನೆಲ್ಲ ಹಿಡಿಸಿ, ಇಲ್ಲದಿದ್ದರೆ ಗುಂಡಿಯಲ್ಲಿ ಮುದಿ ಮೀನು ಬಿಟ್ಟು ಏನೂ ಉಳಿಯುವುದಿಲ್ಲ, ಅವೂ ಸತ್ತರೆ ಅಲ್ಲಿಗೆ ಮುಗಿಯಿತು ಎಂದಳು. ಭಟ್ಟರು ಕೆಟ್ಟವರಲ್ಲ, ಹೆದರುವವರು. "ಗುಂಡಿಗೆ ಬಂದ ಮೇಲೆ ದೇವರದ್ದೇ ಆಯ್ತಲ್ಲೆ ತಂಗಿ. ಕೊಲ್ಲಿ ಅಂತ ನನ್ನ ಬಾಯಲ್ಲಿ ಹ್ಯಾಂಗೆ ಹೇಳ್ಲಿ?" ಎಂದರು. ಕಮಿಟಿಯವರು ಹೆದರುವವರಲ್ಲ, ಫ್ಲೆಕ್ಸ್ ಕಟ್ಟಿದವರು. ಅವರು ಅಕ್ಕನಿಗೆ, ನಿಮ್ಮ ಯಜಮಾನರನ್ನೇ ಕೇಳಿ ಎಂದರು.

ಯಜಮಾನರು ದಾರಿ ಹುಡುಕಿದರು. ಅವರ ಪರಿಚಯದ ಗಾಳಗಾರರ ಕ್ಲಬ್ಬೊಂದಿತ್ತು. ಅವರು ಬಂದು ಒಂದನ್ನೂ ಕೊಲ್ಲದೆ ಹಿಡಿದು ಸಂಕದ ಕೆಳಗೆ ಬಿಡುತ್ತಾರೆ, ದೇವರಿಗೂ ಅಪಚಾರವಿಲ್ಲ, ಅಕ್ಕನ ಹಟವೂ ನಡೆಯುತ್ತದೆ ಎಂದರು. ಕೊಲ್ಲುವುದಿಲ್ಲ ಎಂದ ಮೇಲೆ ಕಮಿಟಿ ಒಪ್ಪಿತು. ಯಾರೂ ಗಾಳದ ದಾರ ಬಿಚ್ಚದ ಜಾಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಟೋಪಿ, ಕಪ್ಪು ಕನ್ನಡಕ, ಹತ್ತಾರು ಜೇಬಿನ ಕೋಟು ಹಾಕಿಕೊಂಡವರು ಸಾಲಾಗಿ ನಿಂತರು. ಒಬ್ಬನ ಕೋಟಿನ ಜೇಬೊಂದರಿಂದ ಇನ್ನೊಂದು ಚಿಕ್ಕ ಟೋಪಿ ಹೊರಬಂದದ್ದನ್ನು ನಾನೇ ನೋಡಿದೆ.

ಮೀನೇನೋ ಸಿಕ್ಕಿತು. ಪ್ರತಿಯೊಂದನ್ನೂ ಎದೆಗವಚಿಕೊಂಡು ಫೋಟೋ ತೆಗೆಸಿಕೊಂಡರು, ನೆತ್ತಿಗೆ ಮುತ್ತಿಟ್ಟರು, ಮತ್ತೆ ಅದೇ ಗುಂಡಿಗೆ ಬಿಟ್ಟರು.

"ಸಂಕದ ಕೆಳಗೆ ಬಿಡ್ತೀವಿ ಅಂದಿದ್ರಲ್ಲ?" ಎಂದು ಕೇಳಿದೆ.

"ಬಕೆಟ್ಟಲ್ಲಿ ಹೊತ್ಕೊಂಡು ಹೋದ್ರೆ ಫಿಶ್‌ಗೆ ಸ್ಟ್ರೆಸ್ ಆಗತ್ತೆ ಸರ್. ಹಿಡಿದ ಜಾಗದಲ್ಲೇ ಬಿಡಬೇಕು. ನಮ್ಮ ಕ್ಲಬ್ ರೂಲ್."

ದೇವರ ನೇಮ ಕೊಲ್ಲಬೇಡ ಎನ್ನುತ್ತಿತ್ತು, ಕ್ಲಬ್ಬಿನ ನೇಮವೂ ಕೊಲ್ಲಬೇಡ ಎನ್ನುತ್ತಿತ್ತು. ಎರಡು ನೇಮದ ನಡುವೆ ಆ ಹೊಟ್ಟೆಬಾಕ ಮೀನಿಗೆ ಸಿಕ್ಕ ರಕ್ಷಣೆ ನಮ್ಮ ದೇಶದ ಯಾವ ಪ್ರಜೆಗೂ ಸಿಕ್ಕಿರಲಾರದು. ಕಮಿಟಿಯವರು ಸಂತೋಷಪಟ್ಟು ಟೋಪಿಯವರಿಗೆ ಶಾಲು ಹೊದಿಸಿದರು. ಭಾವನವರೂ ಒಂದು ಹೊದ್ದುಕೊಂಡರು.

ಅಕ್ಕ ಅಷ್ಟು ಹೊತ್ತೂ ಕೊನೆಯ ಮೆಟ್ಟಿಲ ಮೇಲೆ ಅಕ್ಕಿಯ ಬಟ್ಟೆಚೀಲ ಹಿಡಿದು ಕೂತಿದ್ದಳು. ಟೋಪಿಯವನೊಬ್ಬ ಎಲ್ಲಕ್ಕಿಂತ ದೊಡ್ಡದೊಂದನ್ನು ಹಿಡಿದು ಎತ್ತಿದಾಗ ಎದ್ದು ಹೋಗಿ ಕೈ ಚಾಚಿದಳು. ಅವನು ಅವಳಿಗೂ ಫೋಟೋ ಬೇಕೆಂದುಕೊಂಡು, "ಬನ್ನಿ ಆಂಟಿ, ಹೀಗೆ ಹಿಡ್ಕೊಳಿ, ನಗಿ" ಎಂದು ಮೀನನ್ನು ಅವಳ ಕೈಗೆ ಕೊಟ್ಟ. ಅಕ್ಕ ಅದರ ಬಾಲ ಹಿಡಿದು ಮೆಟ್ಟಿಲ ಕಲ್ಲಿಗೆ ಬಡಿದಳು. ಮೀನು ಒದ್ದಾಡಿತು, ಇನ್ನೊಮ್ಮೆ ಬಡಿದಳು. ಚೀಲದ ಅಕ್ಕಿಯನ್ನು ನೀರಿಗೆ ಸುರಿದು, ಮೀನನ್ನು ಅದರೊಳಗೆ ತುರುಕಿ, ಯಾರ ಮುಖವನ್ನೂ ನೋಡದೆ ಮೆಟ್ಟಿಲು ಹತ್ತಿದಳು. ಫೋಟೋ ತೆಗೆಯಲು ಹಿಡಿದಿದ್ದ ಮೊಬೈಲು ಹಿಡಿದ ಹಾಗೇ ಇತ್ತು. ನನ್ನ ಜೀವಮಾನದಲ್ಲಿ ನಾನು ಇಷ್ಟು ಹೆಮ್ಮೆಪಟ್ಟದ್ದಿಲ್ಲ.

ಮಾಸ್ತಿಕಟ್ಟೆಗೆ ಹೋಗಿ ಹಿತ್ತಿಲಲ್ಲಿ ಮೆಟ್ಟುಗತ್ತಿ ಹಾಕಿ ಕೂತಳು. ಹೊಟ್ಟೆ ಸೀಳಿದಾಗ ಒಳಗೆ ಮರಿಗಳಿದ್ದವು. ಕಪ್ಪು ಬೆನ್ನಿನವು, ಬೆರಳುದ್ದದವು, ಇನ್ನೂ ಪೂರ್ತಿ ಕರಗಿರಲಿಲ್ಲ. ಅಕ್ಕ ಅವನ್ನು ಒಂದೊಂದಾಗಿ ತೆಗೆದು ಬಾಳೆಯೆಲೆಯ ತುಂಡಿನ ಮೇಲಿಟ್ಟಳು. ಆಮೇಲೆ ಒಂದನ್ನು ತನ್ನ ಅಂಗೈಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಬಾವಿಕಟ್ಟೆಯ ಕಡೆಗೆ ಹೋದೆ.

ಊಟಕ್ಕೆ ಹುರಿದ ಮೀನು ಬಂತು. ಅಕ್ಕ ಭಾವನವರ ತಟ್ಟೆಗೆ ದೊಡ್ಡ ತುಂಡು ಹಾಕಿ ಒಳಗೆ ಹೊರಟಳು. ಭಾವನವರು ಮೊಬೈಲಿನಿಂದ ತಲೆ ಎತ್ತಿ, "ಇವಳೇ, ಮುಳ್ಳು" ಎಂದರು.

"ನಿಮ್ ಮೀನು, ನಿಮ್ ಮುಳ್ಳು. ನೀವೇ ನೋಡ್ಕಳಿ" ಎಂದಳು.

ಅವರು ಬೆರಳಿನಿಂದ ತಡಕಾಡಿ ತಡಕಾಡಿ, ಕೆಮ್ಮಿ, ಅನ್ನದ ಉಂಡೆ ನುಂಗಿ, ಅಂತೂ ತಿಂದರು. ನಾನೂ ತಿಂದೆ. ಸುಳ್ಳು ಯಾಕೆ, ಬಹಳ ರುಚಿಯಾಗಿತ್ತು. ಮೊದಲ ದಿನವೇ ಹೊಂಡದಿಂದ ಹಿಡಿದು ಹುರಿದಿದ್ದರೆ ಎಲ್ಲ ಮುಗಿಯುತ್ತಿತ್ತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಅಕ್ಕ ಮುಟ್ಟಲಿಲ್ಲ.

ಕಮಿಟಿ ಸಭೆ ಸೇರಿತು. ದೇವರ ಮೀನನ್ನು ದೇವರ ಮೆಟ್ಟಿಲಲ್ಲೇ ಕೊಂದವಳು ಇನ್ನು ಮೆಟ್ಟಿಲಿಳಿಯಬಾರದು, ಅಕ್ಕಿ ಕೊಡಬಾರದು ಎಂದು ತೀರ್ಮಾನವಾಯಿತು. ಆ ಸಭೆಯಲ್ಲಿ ಭಾವನವರೂ ಕೂತಿದ್ದರು. ಹೆಂಡತಿಯ ಪರವಾಗಿ ಒಂದು ಮಾತು ಬೇಡ, ಎದ್ದು ಹೊರಗಾದರೂ ಹೋಗಬಹುದಿತ್ತು. ನೇಮ ಎಲ್ಲರಿಗೂ ಒಂದೇ ಎಂದು ತಲೆಯಾಡಿಸಿದರಂತೆ. ಡ್ರಮ್ಮು ತಂದು ಸುರಿದವರಿಗೆ ಯಾವ ನೇಮವೂ ತಾಗಲಿಲ್ಲ.

ಈಗ ಮೀನು ಎಲ್ಲ ಕಡೆ ಇದೆ. ಹೊಳೆಬಾಗಿಲಿನ ಕಡೆಯ ಶರಾವತಿ ಹಿನ್ನೀರಿನಲ್ಲಿ ಬಲೆಗೆ ಬೀಳುತ್ತಿದೆ. ತೀರ್ಥಹಳ್ಳಿಯಲ್ಲಿ ತುಂಗೆಗೆ ಯಾರೋ ಪುಣ್ಯಾತ್ಮರು ಬಾಟಲಿಯಲ್ಲಿ ತಂದು ಬಿಟ್ಟಿದ್ದಾರೆ; ಚೆಂದ ಇತ್ತು, ಅದಕ್ಕೇ ಬಿಟ್ಟೆ ಎಂದು ನನ್ನ ಅಂಗಡಿಗೇ ಬಂದು ಹೇಳಿದ ಒಬ್ಬ. ಅವನ ಮೋಟಾರನ್ನು ರಿಪೇರಿ ಮಾಡದೆ ವಾಪಸ್ ಕಳಿಸಿದೆ. ಅಷ್ಟು ಬಿಟ್ಟು ನನ್ನ ಕೈಲಿ ಆಗುವುದೇನು? ಭಾನುವಾರ ಬೈಕಿನ ಪೆಟ್ಟಿಗೆಯಲ್ಲಿ ಗಾಳ ಇಟ್ಟುಕೊಂಡು ಹೋಗಿ ಸಂಕದ ಕೆಳಗೆ ಕೂರುತ್ತೇನೆ. ಸಿಕ್ಕಿದ್ದೆಲ್ಲವನ್ನೂ ಕೊಲ್ಲುತ್ತೇನೆ. ಸಂಕದ ಮೇಲೆ ಅವು ಸುಖವಾಗಿ ಮರಿ ಮಾಡುತ್ತಿರುತ್ತವೆ, ನನ್ನ ಕಡೆಗೆ ಇಳಿಯುವುದು ಮಿಕ್ಕಿದ್ದು ಮಾತ್ರ.

ಈ ವರ್ಷ ಹೊಸ ಅಕ್ಕಿ ಬಂದಾಗ ಅಕ್ಕ ಫೋನು ಮಾಡಿದಳು. ಬೈಕಿನಲ್ಲಿ ಕರೆದುಕೊಂಡು ಹೋದೆ. ಗುಡಿಯ ಹತ್ತಿರ ಇಳಿದು, ಅಕ್ಕಿಯ ಚೀಲ ನನ್ನ ಕೈಗೆ ಕೊಟ್ಟು, ಮೇಲಿನ ಮೆಟ್ಟಿಲ ಹತ್ತಿರ ನಿಂತಳು. ಇಳಿಯಬಾರದು ಎಂದವರ ಮಾತಿಗೆ ಅಷ್ಟು ಬೆಲೆ ಕೊಡುವವಳು ಅವಳೊಬ್ಬಳೇ. ನಾನು ಕೆಳಗಿಳಿದು ಕೂತು ಅವಳ ಹೆಸರಿನಲ್ಲಿ ಕೈ ಚಾಚಿದೆ. ನೀರು ತಿಳಿಯಾಗಿತ್ತು. ದೊಡ್ಡ ಮೀನು ಹಿಂದಿಗಿಂತ ಕಡಿಮೆ ಕಂಡವು. ವಿಭೂತಿಯವು ಬಂದವು, ನೋಡಿದವು, ಹೋದವು.

"ಬಂದ್ವಾ?" ಎಂದು ಮೇಲಿಂದ ಕೇಳಿದಳು.

"ಇಲ್ಲ."

"ಇನ್ನೊಂಚೂರು ಕೂತ್ಕ."

ಕೂತೆ. ಅಕ್ಕಿ ಒಂದೊಂದೇ ಕಾಳಾಗಿ ಜಾರಿಹೋಯಿತು. ಕೈ ಮರಗಟ್ಟಿತು.

"ಒಂದೂ ಇಲ್ವಾ?"

"ಒಂದೂ ಇಲ್ಲ ಅಕ್ಕ."

ಮೇಲೆ ಬೈಕಿನ ಪೆಟ್ಟಿಗೆ ತೆಗೆದ ಸದ್ದಾಯಿತು. ತಿರುಗಿ ನೋಡಿದರೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಗಾಳ ಹಿಡಿದು, ಮೆಟ್ಟಿಲಿಳಿದು ಬರುತ್ತಿದ್ದಳು. ಗುಡಿಯ ಜಗುಲಿಯಲ್ಲಿದ್ದ ಭಟ್ಟರು ಎದ್ದು ನಿಂತರು, ಹಾಗೇ ಒಳಗೆ ಹೋದರು. ಅಕ್ಕ ನನ್ನ ಪಕ್ಕದಲ್ಲಿ ಕೊನೆಯ ಮೆಟ್ಟಿಲ ಮೇಲೆ ಕೂತಳು. ದಾರ ಬಿಚ್ಚುವಾಗ ಅವಳ ಬಲಗೈ ಹೆಬ್ಬೆರಳ ಬುಡ ಕಂಡಿತು. ಅಲ್ಲಿ ನರಹುಲಿಯಂಥ ಸಣ್ಣದೊಂದು ಗಂಟು ಎದ್ದಿತ್ತು.

"ಅಕ್ಕ, ಕೈ" ಎಂದೆ.

ಅವಳೂ ನೋಡಿಕೊಂಡಳು.

"ಏಳ್ಲಿ ಬಿಡು" ಎಂದು ಗಾಳವನ್ನು ನೀರಿಗೆ ಎಸೆದಳು.